ಟಿವಿಯಲ್ಲಿ ಹಾಡಿದ ಮರುದಿನ

ನವೆಂಬರ್ ಬಂತೆಂದರೆ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಯ ರಸ್ತೆಗಳಲ್ಲಿ ರಾಜ್ಯೋತ್ಸವದ ವೇದಿಕೆಗಳು ಏಳುತ್ತವೆ. ರಸಮಂಜರಿಯ ಕರಪತ್ರದಲ್ಲಿ ಗಾಯಕರ ಹೆಸರಿಗೆ ಮುಂಚೆ ‘ಸರಿಗಮಪ ಖ್ಯಾತಿಯ’, ‘ಎದೆ ತುಂಬಿ ಹಾಡುವೆನು ಖ್ಯಾತಿಯ’ ಎಂದು ಅಚ್ಚಾಗಿರುತ್ತದೆ. ಟಿವಿಯಲ್ಲಿ ಕಾಣಿಸಿಕೊಂಡ ಹಾಡುಗಾರರಿಗೆ ನಮ್ಮಲ್ಲಿ ಮೊದಲು ಸಿಗುವುದು ಈ ವೇದಿಕೆ: ಗಣೇಶೋತ್ಸವ, ಊರಹಬ್ಬ, ಜಾತ್ರೆ. ಅವರ ಹೆಸರಿನಲ್ಲಿ ಹಾಡು ಮಾರಾಟವಾಗುವುದು, ಮೊಬೈಲ್‌ನಲ್ಲಿ ಜನ ಹುಡುಕಿ ಕೇಳುವುದು ಬೇರೆಯೇ ಮಾತು. ಅದಕ್ಕೆ ಇನ್ನೊಂದು ಷರತ್ತಿದೆ.

ಆ ಷರತ್ತು ಏನೆಂದು ತಿಳಿಯಲು ರಘು ದೀಕ್ಷಿತ್ ಅವರ ಉದಾಹರಣೆಗಿಂತ ಒಳ್ಳೆಯದು ನಮ್ಮಲ್ಲಿ ಸಿಗುವುದು ಕಷ್ಟ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿ ವಿಜ್ಞಾನ ಓದಿ, ಬೆಂಗಳೂರಿನಲ್ಲಿ ತಂಡ ಕಟ್ಟಿದವರು ಅವರು. ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ. ಅದರಲ್ಲಿ ಶಿಶುನಾಳ ಷರೀಫರ ಪದಗಳೂ ಇದ್ದವು. ಎರಡು ವರ್ಷಗಳ ನಂತರ, 2010ರಲ್ಲಿ, ಬ್ರಿಟನ್ನಿನ ಬಿಬಿಸಿ ವಾಹಿನಿಯ ‘ಲೇಟರ್... ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ತಂಡ ಹಾಡಿತು. ಅದರ ಬೆನ್ನಿಗೇ ಆಲ್ಬಂ ಅಲ್ಲಿನ ಐಟ್ಯೂನ್ಸ್‌ನ ವಿಶ್ವಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿಯೂ ಬಂತು. ವಿಶ್ವಸಂಗೀತದ ಪಟ್ಟಿ ಪಾಪ್ ಪಟ್ಟಿಯಷ್ಟು ದೊಡ್ಡದಲ್ಲ, ನಿಜ. ಆದರೂ ಸೊಂಟಕ್ಕೆ ಪಂಚೆ, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ನಮ್ಮವರೊಬ್ಬರು ಅಲ್ಲಿ ತಲುಪಿದ್ದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಗಮನಿಸಬೇಕಾದದ್ದು ಇದು: ಆಲ್ಬಂ ಎರಡು ವರ್ಷದಿಂದ ಸಿದ್ಧವಾಗಿತ್ತು, ಹಾಡಿದ್ದು ತಮ್ಮದೇ ಹಾಡು. ಕೇಳುಗ ಆ ರಾತ್ರಿಯೇ ಹೆಸರು ಹುಡುಕಿದರೆ ಕೊಳ್ಳಲು ವಸ್ತು ಸಿಗುತ್ತಿತ್ತು. ಟಿವಿ ಹುಟ್ಟಿಸುವ ಕುತೂಹಲಕ್ಕೆ ಆಯಸ್ಸು ಬಹಳ ಕಡಿಮೆ. ಒಂದು ವಾರ ತಡವಾದರೆ ಇನ್ನೊಬ್ಬರ ಹಾಡು ಬಂದಿರುತ್ತದೆ. ನೇರ ಪ್ರಸಾರದ ಬಲವೂ ಇಲ್ಲೇ ಇದೆ: ಲಕ್ಷಾಂತರ ಜನ ಒಂದೇ ಗಳಿಗೆಯಲ್ಲಿ ಕೇಳಿ, ಒಂದೇ ಗಳಿಗೆಯಲ್ಲಿ ಹುಡುಕುತ್ತಾರೆ. ಪಟ್ಟಿಗಳು ಲೆಕ್ಕ ಹಾಕುವುದು ಅಂಥ ಒಮ್ಮೆಲೇ ಬರುವ ನೂಕುನುಗ್ಗಲನ್ನೇ. 1964ರ ಫೆಬ್ರುವರಿ 9ರಂದು ಅಮೆರಿಕದ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಬೀಟಲ್ಸ್ ಹಾಡಿದಾಗ ಸುಮಾರು 7.3 ಕೋಟಿ ಜನ ನೋಡಿದರು. ಏಪ್ರಿಲ್ ಮೊದಲ ವಾರ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಸ್ಥಾನ ಅವರದೇ.

ನಮ್ಮ ಹಾಡಿನ ಸ್ಪರ್ಧೆಗಳಲ್ಲಿ ಹಾಗಾಗುವುದಿಲ್ಲ. ಸ್ಪರ್ಧಿ ಹಾಡುವುದು ಹೆಚ್ಚಾಗಿ ಹಳೆಯ ಸಿನಿಮಾ ಹಾಡು. ಮನೆಯಲ್ಲಿ ಕೂತವರು ಮೆಚ್ಚಿ ಮೊಬೈಲ್ ತೆರೆದರೆ ಸಿಗುವುದು ಮೂಲ ಗಾಯಕರ ಧ್ವನಿಮುದ್ರಿಕೆ. ಆಲಿಸಿದ್ದರ ಹಣ ಆಡಿಯೊ ಕಂಪನಿಗೂ ಹಕ್ಕುದಾರರಿಗೂ ಸೇರುತ್ತದೆ, ಸ್ಪರ್ಧಿಗೆ ಕೀರ್ತಿ ಮಾತ್ರ. ಎಷ್ಟೋ ಒಳ್ಳೆಯ ಕಂಠಗಳು ಈ ಕಾರಣದಿಂದಲೇ ರಸಮಂಜರಿಯಾಚೆಗೆ ದಾಟಿಲ್ಲವೆಂದು ನನ್ನ ನಂಬಿಕೆ.

ಜಾನಪದ, ತತ್ವಪದ ಹಾಡುವವರ ಸ್ಥಿತಿ ಬೇರೆ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ‘ಸರಿಗಮಪ’ ಹದಿನೈದನೇ ಆವೃತ್ತಿಯಲ್ಲಿ ಇಂಥ ಪದಗಳನ್ನು ಹಾಡಿಯೇ ಮನೆಮಾತಾದರು, 2019ರಲ್ಲಿ ರನ್ನರ್ ಅಪ್ ಆದರು. ಅದೇ ಜಿಲ್ಲೆಯ ಷರೀಫರು ತೀರಿಕೊಂಡದ್ದು 1889ರಲ್ಲಿ. ಭಾರತದ ಕಾನೂನಿನಂತೆ ಕವಿ ತೀರಿಕೊಂಡು 60 ವರ್ಷ ಕಳೆದರೆ ಕೃತಿಯ ಮೇಲೆ ಯಾರ ಹಕ್ಕೂ ಉಳಿಯದು. ಹಾಗಾಗಿ ಷರೀಫರ ಪದವನ್ನು ಯಾರು ಬೇಕಾದರೂ ತಮ್ಮ ರಾಗದಲ್ಲಿ ಹಾಡಿ, ಸ್ವಂತ ಖರ್ಚಿನಲ್ಲಿ ಮುದ್ರಿಸಿಕೊಂಡರೆ ಆ ಮುದ್ರಿಕೆ ಅವರದೇ. ಸಿನಿಮಾ ಹಾಡಿಗೆ ಇಲ್ಲದ ಈ ಅನುಕೂಲ ನಮ್ಮ ಪದಗಾರರಿಗೆ ಗೊತ್ತಾಗಬೇಕು.

2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನೆಕಾರರು, ಸಂಗೀತ ನಿರ್ದೇಶಕರ ಜೊತೆಗೆ ಗಾಯಕರಿಗೂ ರಾಯಧನದ ದಾರಿ ತೆರೆಯಿತು. ಅದನ್ನು ವಸೂಲು ಮಾಡಿಕೊಡಲು ಮರುವರ್ಷ ಗಾಯಕರ ಸಂಘ ‘ಇಸ್ರಾ’ ಹುಟ್ಟಿತು. ಟಿವಿಗೆ ಹೋಗುವ ಹುಡುಗ ಹುಡುಗಿಯರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ವೇದಿಕೆಯಲ್ಲಿ ಹಾಡಿದ್ದರ ಮುದ್ರಣ ಯಾರಿಗೆ ಸೇರುತ್ತದೆ ಎಂಬ ಸಾಲನ್ನು ಓದಿಸಿಕೊಂಡು ಕೇಳಲಿ. ಪ್ರಸಾರದ ದಿನಕ್ಕೆ ಮೊದಲೇ ಸ್ವಂತದ ಒಂದು ಹಾಡನ್ನಾದರೂ ಸ್ಪಾಟಿಫೈ, ಜಿಯೊಸಾವನ್, ಯೂಟ್ಯೂಬ್‌ಗಳಲ್ಲಿ ಹಾಕಿಟ್ಟಿರಲಿ, ಎಲ್ಲ ಕಡೆ ಹೆಸರಿನ ಕಾಗುಣಿತ ಒಂದೇ ಇರಲಿ.