ಫಿನ್ಲೆಂಡಿನ ಚಳಿಗಾಲದ ಆತಿಥ್ಯ

ಡಿಸೆಂಬರಿನಲ್ಲಿ ಫಿನ್ಲೆಂಡಿಗೆ ಹೊರಟಿದ್ದೇವೆ ಎಂದು ತಿಳಿದಾಗ ಬಳಗದ ಹಲವರು ಕೇಳಿದ್ದು ಒಂದೇ ಪ್ರಶ್ನೆ: "ಬೇಸಿಗೆಯಲ್ಲಿ ಹೋಗಬಾರದೇ?" ತಾಂಪೆರೆ ನಗರದಲ್ಲಿ ನೆಲೆಸಿರುವ ನಮ್ಮ ಗೆಳತಿ ಮಾತ್ರ ಚಳಿಗಾಲದಲ್ಲೇ ಬನ್ನಿ ಎಂದು ಪಟ್ಟು ಹಿಡಿದಿದ್ದಳು. ಆ ದೇಶದ ಜನ ಅತಿಥಿಯನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದು ಕತ್ತಲೆ ಕವಿದಾಗಲೇ ತಿಳಿಯುವುದು ಎಂಬುದು ಅವಳ ವಾದ. ನಾವು ಕಂಡು ಕೇಳಿ ತಿಳಿದದ್ದನ್ನು ಬಳಗದವರಿಗಾಗಿ ಇಲ್ಲಿ ಬರೆದಿದ್ದೇವೆ.

ಮೊದಲು ಕತ್ತಲೆಯ ಲೆಕ್ಕ. ತಾಂಪೆರೆಯಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 9:40ಕ್ಕೆ, ಮುಳುಗುವುದು ಮಧ್ಯಾಹ್ನ 3 ದಾಟುತ್ತಿದ್ದಂತೆ. ಐದೂವರೆ ಗಂಟೆಯೂ ತುಂಬದ ಹಗಲು. ಚಳಿ ಮೈನಸ್ 20 ಡಿಗ್ರಿಗೆ ಇಳಿದರೂ ಅಲ್ಲಿನವರು ಹೌಹಾರುವುದಿಲ್ಲ. ಮನೆಯ ಕಿಟಕಿಗಳಿಗೆ ಸಾಮಾನ್ಯವಾಗಿ ಮೂರು ಪದರದ ಗಾಜು, ಒಳಗೆ ಹದವಾದ ಬಿಸಿ. ಬಾಗಿಲಲ್ಲೇ ಬೂಟು ಕಳಚಬೇಕು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಕಳಚಿದೊಡನೆ ಉಣ್ಣೆಯ ಕಾಲುಚೀಲ ಕೈಗೆ ಬಂತು. ನಮ್ಮೂರಲ್ಲಿ ಕಾಲಿಗೆ ನೀರು ಕೊಟ್ಟಂತೆಯೇ ಇದು.

ಮುಂದಿನದು ಕಾಫಿ. ಪ್ರಪಂಚದಲ್ಲಿ ತಲಾ ಲೆಕ್ಕದಲ್ಲಿ ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಫಿನ್ನರೂ ಸೇರಿದ್ದಾರೆ. ವರ್ಷಕ್ಕೆ ಒಬ್ಬರಿಗೆ ಸುಮಾರು 10 ಕಿಲೋ ಪುಡಿ. ಬೀಜವನ್ನು ಎಳಸಾಗಿ ಹುರಿಯುವುದರಿಂದ ಚಿಕ್ಕಮಗಳೂರಿನ ಡಿಕಾಕ್ಷನ್ನಿಗೆ ಒಗ್ಗಿದ ನಾಲಗೆಗೆ ಅದು ಸಪ್ಪೆ. ಆದರೆ ಜೊತೆಗೆ ಬರುವ 'ಪುಲ್ಲ' ಎಂಬ ಸಿಹಿ ಬನ್ನು ಆ ಕೊರತೆಯನ್ನು ತುಂಬುತ್ತದೆ. ಮುರಿದರೆ ಘಮ್ಮೆನ್ನುವುದು ಏಲಕ್ಕಿ! ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಈ ಗಿಡದ ಕಾಯಿ ಇಲ್ಲದೆ ಉತ್ತರ ಧ್ರುವದ ಹತ್ತಿರದ ಈ ಜನಕ್ಕೆ ಕಾಫಿಯ ಹೊತ್ತು ಪೂರ್ಣವಾಗುವುದಿಲ್ಲ. ಇಂದು ಪ್ರಪಂಚದ ಏಲಕ್ಕಿಯಲ್ಲಿ ದೊಡ್ಡ ಪಾಲು ಬೆಳೆಯುವುದು ಗ್ವಾಟೆಮಾಲಾದಲ್ಲಿ ಎಂಬುದು ಬೇರೆ ಮಾತು.

ನಮ್ಮವರಿಗೆ ಒಗ್ಗಲು ಕಷ್ಟವಾಗುವುದು ಅವರ ಉಪಚಾರದ ರೀತಿ. ನಮ್ಮಲ್ಲಿ ಬೇಡವೆಂದರೂ ಎಲೆಗೆ ಇನ್ನೊಂದು ಹೋಳಿಗೆ ಬೀಳದಿದ್ದರೆ ಅದು ಉಪಚಾರವೇ ಅಲ್ಲ. ಅಲ್ಲಿ ಎಲ್ಲವನ್ನೂ ಮೇಜಿನ ಮೇಲಿಟ್ಟು 'ಓಲ್ಕಾ ಹ್ಯುವ' ಎನ್ನುತ್ತಾರೆ, ಅಂದರೆ 'ದಯವಿಟ್ಟು ತೆಗೆದುಕೊಳ್ಳಿ'. ಅಷ್ಟೇ. ಬೇಡವೆಂದರೆ ಬೇಡ. ಊಟದ ನಡುವೆ ಮಾತು ನಿಂತರೆ ಅದನ್ನು ತುಂಬಲು ಯಾರೂ ಅವಸರಪಡುವುದಿಲ್ಲ. ಇದು ಉದಾಸೀನವಲ್ಲ, ಅತಿಥಿಯ ಮಾತನ್ನು ಹೇಳಿದ ಹಾಗೆಯೇ ನಂಬುವ, ಅವನನ್ನು ಅವನ ಪಾಡಿಗೆ ಬಿಡುವ ಮರ್ಯಾದೆ ಎಂದು ಗೆಳತಿ ವಿವರಿಸಿದಳು. ಇದು ತನಗೆ ಅರ್ಥವಾಗಲು ಎರಡು ಚಳಿಗಾಲ ಬೇಕಾಯಿತಂತೆ.

ಇನ್ನು ಸೌನಾ. ಸುಮಾರು 56 ಲಕ್ಷ ಜನರ ಈ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ತಾಂಪೆರೆಯ ರಾಯಪೋರ್ತ್ತಿ ಎಂಬ ಸಾರ್ವಜನಿಕ ಸೌನಾ 1906ರಿಂದ ನಡೆಯುತ್ತಿದೆ. 2020ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಕೋಣೆಯಲ್ಲಿ ಕಾದ ಕಲ್ಲುಗಳ ಮೇಲೆ ನೀರು ಚೆಲ್ಲಿದಾಗ ಏಳುವ ಹಬೆಗೆ 'ಲೋಯ್ಲು' ಎನ್ನುತ್ತಾರೆ. ಹಿಂದೆ ಈ ಪದಕ್ಕೆ ಉಸಿರು, ಪ್ರಾಣ ಎಂಬ ಅರ್ಥವಿತ್ತು. ಹಳೆಯ ಕಾಲದಲ್ಲಿ ಹೆರಿಗೆಯಾಗುತ್ತಿದ್ದುದು ಸೌನಾದಲ್ಲಿ, ಸತ್ತವರ ಮೈ ತೊಳೆಯುತ್ತಿದ್ದುದೂ ಅಲ್ಲೇ. ಹಾಗಾಗಿ "ಸೌನಾ ಬಿಸಿಯಾಗಿದೆ, ಬನ್ನಿ" ಎಂಬ ಕರೆ ಮನೆಯ ಒಳಕೋಣೆಗೆ ಕರೆದಂತೆ. ಹೆಂಗಸರು, ಗಂಡಸರು ಬೇರೆ ಬೇರೆ ಸರದಿಯಲ್ಲಿ ಹೋಗಬಹುದು, ಸಂಕೋಚವಿದ್ದರೆ ಟವೆಲ್ ಸುತ್ತಿಕೊಳ್ಳಬಹುದು. ಬಲವಂತ ಇಲ್ಲೂ ಇಲ್ಲ.

ಕ್ರಿಸ್‌ಮಸ್‌ನ ಹಿಂದಿನ ದಿನ, ಅಂದರೆ 24ರಂದು, ಮನೆಮಂದಿಯೆಲ್ಲ ಸೌನಾ ಮಾಡುವ ವಾಡಿಕೆ. ನೀರು ತುಂಬುವ ಹಬ್ಬ, ಹಂಡೆಯ ಬಿಸಿನೀರು, ಎಣ್ಣೆ ಸ್ನಾನಗಳನ್ನು ಕಂಡ ನಮಗೆ ಇದು ಹೊಸದೆನಿಸಲಿಲ್ಲ. ಅಂದು ಮಧ್ಯಾಹ್ನ ಹನ್ನೆರಡಕ್ಕೆ ತುರ್ಕು ನಗರದಲ್ಲಿ ಮಧ್ಯಯುಗದಿಂದ ನಡೆದುಬಂದ 'ಕ್ರಿಸ್‌ಮಸ್ ಶಾಂತಿ'ಯ ಘೋಷಣೆ ಓದುತ್ತಾರೆ, ದೇಶವೆಲ್ಲ ಟಿವಿಯಲ್ಲಿ ನೋಡುತ್ತದೆ. ಆಮೇಲೆ ಬೀದಿ ಖಾಲಿ. ಊಟದಲ್ಲಿ ಹಂದಿಯ ಮಾಂಸ ಮುಖ್ಯವಾದರೂ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ: ಬೀಟ್‌ರೂಟಿನ ಕೋಸಂಬರಿಯಂಥದ್ದುಂಟು. ಹಾಲಿನಲ್ಲಿ ಬೇಯಿಸಿ ದಾಲ್ಚಿನ್ನಿ ಉದುರಿಸಿದ ಅಕ್ಕಿಯ ಗಂಜಿಯಂತೂ ಬೆಲ್ಲ ಮರೆತ ಪಾಯಸವೇ. ಅದರಲ್ಲಿ ಒಂದೇ ಒಂದು ಬಾದಾಮಿ ಹಾಕಿರುತ್ತಾರೆ, ಸಿಕ್ಕವರಿಗೆ ಅದೃಷ್ಟ.

ಗೆಳತಿ ಚಳಿಗಾಲದಲ್ಲೇ ಬನ್ನಿ ಎಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಆ ಸಂಜೆ ಫಿನ್ನರು ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿಗಳ ಮೇಲೆ ಮೇಣದ ದೀಪ ಹಚ್ಚುತ್ತಾರೆ. ಹಿಮದ ನಡುವೆ ಸಾವಿರಾರು ದೀಪಗಳು. ಅಲ್ಲಿನ ಎಷ್ಟೋ ಸ್ಮಶಾನಗಳಲ್ಲಿ 'ಬೇರೆಡೆ ಮಣ್ಣಾದವರ' ನೆನಪಿಗೆಂದೇ ಒಂದು ಕಲ್ಲು ಇರುತ್ತದೆ. ಯುದ್ಧದಲ್ಲಿ ಕರೇಲಿಯಾ ಪ್ರಾಂತ್ಯ ಸೋವಿಯತ್ ಒಕ್ಕೂಟದ ಪಾಲಾದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಫಿನ್ನರು ಮನೆಮಠ ಬಿಟ್ಟು ಬಂದರು. ಹಿರಿಯರ ಸಮಾಧಿಗಳು ಗಡಿಯಾಚೆ ಉಳಿದವು. ಅಂಥವರಿಗೂ, ಸಮಾಧಿ ದೂರದೂರಿನಲ್ಲಿರುವ ಯಾರಿಗೇ ಆಗಲಿ, ದೀಪ ಇಡಲು ಒಂದು ಜಾಗ ಬೇಕಲ್ಲ!

ನಮ್ಮ ಗೆಳತಿಯ ತಾಯಿ ಹಿಂದಿನ ವರ್ಷ ಊರಿನಲ್ಲಿ ತೀರಿಕೊಂಡಿದ್ದರು. ಇವಳು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ಕೇಳಿ ತಿಳಿದಿದ್ದ ಪಕ್ಕದ ಮನೆಯ ಅಜ್ಜಿ ಆ ಡಿಸೆಂಬರಿನಲ್ಲಿ ಬಾಗಿಲು ತಟ್ಟಿ, ಎರಡು ದೀಪ ತೋರಿಸಿ, "ಒಂದು ನಿನ್ನ ತಾಯಿಗೆ" ಎಂದಷ್ಟೇ ಹೇಳಿ ಕರೆದುಕೊಂಡು ಹೋದರಂತೆ. ಆ ಕಲ್ಲಿನ ಬಳಿ ಯಾರ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ. ಈ ಸಲ ನಾವೂ ಜೊತೆಯಲ್ಲಿ ಹೋದೆವು. ಹೊರನಾಡಿನಲ್ಲಿರುವ ನಮ್ಮಲ್ಲಿ ಕೊನೆಯ ದರ್ಶನ ತಪ್ಪದವರು ಎಷ್ಟು ಮಂದಿ? ಹತ್ತು ನಿಮಿಷ ಯಾರೂ ಮಾತಾಡಲಿಲ್ಲ, ಆಡಬೇಕೆನಿಸಲೂ ಇಲ್ಲ. ಆಮೇಲೆ ಅಜ್ಜಿಯ ಮನೆಯಲ್ಲಿ ಕಾಫಿ, ಪುಲ್ಲ.

ಹೋಗುವ ಮನಸ್ಸಿರುವವರಿಗೆ ಎರಡು ಮಾತು. 24ರ ಮಧ್ಯಾಹ್ನದ ನಂತರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುಗಳೂ ವಿರಳ. ಬೇಕಾದದ್ದನ್ನು ಬೆಳಿಗ್ಗೆಯೇ ಕೊಂಡಿಟ್ಟುಕೊಳ್ಳಿ. ಸಮಾಧಿಯ ದೀಪಗಳು ಸಾಮಾನ್ಯ ದಿನಸಿ ಅಂಗಡಿಯಲ್ಲೇ ಸಿಗುತ್ತವೆ. ಗಾಳಿಗೆ ಆರದಂತೆ ಮುಚ್ಚಳವಿರುವುದನ್ನು ನೋಡಿ ಕೊಳ್ಳಿ, ರಾತ್ರಿಯಿಡೀ ಉರಿಯುತ್ತದೆ.