ಬಿಯರು, ನೈಂಟಿ ಮತ್ತು ತೇಲುವ ಗಾಜಿನ ಬುರುಡೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಬಿಸಿಲು ನಲವತ್ತು ಡಿಗ್ರಿ ಮುಟ್ಟಿತೆಂದರೆ ಬಿಯರು ‘ತಂಪು’, ವಿಸ್ಕಿ ‘ಹೀಟು’. ಬಾಟಲಿಯ ಮೇಲಿನ ಅಂಕಿಯೂ ಇದನ್ನೇ ಹೇಳುವಂತಿದೆ: ಸ್ಟ್ರಾಂಗ್ ಬಿಯರಿನಲ್ಲಿ ಹೆಚ್ಚೆಂದರೆ ಶೇ 8 ಆಲ್ಕೊಹಾಲ್, ವಿಸ್ಕಿ-ರಮ್ಮಿನಲ್ಲಿ ಶೇ 42.8. ಆದರೆ ದೇಹಕ್ಕೆ ಶೇಕಡಾ ಲೆಕ್ಕ ಗೊತ್ತಿಲ್ಲ, ಗ್ರಾಂ ಲೆಕ್ಕವಷ್ಟೇ ಗೊತ್ತು. ಶೇ 8ರ 650 ಮಿ.ಲೀ. ಬಿಯರಿನಲ್ಲಿ ಶುದ್ಧ ಆಲ್ಕೊಹಾಲ್ 52 ಮಿ.ಲೀ., ಅಂದರೆ ಸುಮಾರು 41 ಗ್ರಾಂ. 90 ಮಿ.ಲೀ. ವಿಸ್ಕಿ ಪ್ಯಾಕೆಟ್ಟಿನಲ್ಲಿ ಅದು ಸುಮಾರು 30 ಗ್ರಾಂ. ‘ತಂಪು’ ಬಾಟಲಿಯೇ ಮುಂದಾಯಿತು! ಯಕೃತ್ತು ಗಂಟೆಗೆ ಅರಗಿಸುವುದು ಸುಮಾರು 7ರಿಂದ 10 ಗ್ರಾಂ. ಒಂದು ಬಾಟಲಿ ಬಿಯರು ಅರಗಲು ನಾಲ್ಕರಿಂದ ಆರು ಗಂಟೆ ಬೇಕು. ವಿಸ್ಕಿ ಬೇಗ ತಲೆಗೇರುತ್ತದಲ್ಲ ಎಂದರೆ, ನಿಜ. ಖಾಲಿ ಹೊಟ್ಟೆಗೆ ಬಿದ್ದ ಗಾಢ ಮದ್ಯ ರಕ್ತಕ್ಕೆ ಬೇಗ ಸೇರುತ್ತದೆ. ಆದರೆ ಏರುವ ವೇಗ ಬೇರೆ, ಒಳಹೋದ ಒಟ್ಟು ಪ್ರಮಾಣ ಬೇರೆ. ಬಿಯರಿನ ಅಮಲು ನಿಧಾನವೆಂಬ ಕಾರಣಕ್ಕೇ ಎರಡನೆಯ ಬಾಟಲಿ ತೆರೆಯುವವರು ಕಡಿಮೆಯೇನಲ್ಲ. ಇನ್ನು ತಂಪಿನ ಮಾತು: ನೀರನ್ನು ಉಳಿಸಿಕೊಳ್ಳಲು ಮೂತ್ರಪಿಂಡಕ್ಕೆ ಸೂಚಿಸುವ ಹಾರ್ಮೋನನ್ನೇ ಆಲ್ಕೊಹಾಲ್ ತಡೆಯುತ್ತದೆ; ದೇಹ ನೀರು ಕಳೆದುಕೊಳ್ಳುತ್ತದೆ.

ಈ 42.8 ಎಂಬ ವಿಚಿತ್ರ ಅಂಕಿಯ ಹಿಂದೆ ಹೈಡ್ರೋಮೀಟರ್ ಎಂಬ ಸರಳ ಯಂತ್ರವಿದೆ: ಅಡಿಯಲ್ಲಿ ತೂಕದ ಬುರುಡೆ, ಮೇಲೆ ಗೆರೆ ಎಳೆದ ಕಡ್ಡಿ. ಆಲ್ಕೊಹಾಲ್ ನೀರಿಗಿಂತ ಹಗುರ. ಅದು ಹೆಚ್ಚಿದ್ದಷ್ಟೂ ಬುರುಡೆ ಆಳಕ್ಕೆ ಮುಳುಗುತ್ತದೆ. ಬಾರ್ತೊಲೊಮ್ಯು ಸೈಕ್ಸ್ ರೂಪಿಸಿದ ಹೈಡ್ರೋಮೀಟರನ್ನು ಬ್ರಿಟನ್ 1816ರಲ್ಲಿ ಮದ್ಯದ ತೆರಿಗೆಗೆ ಕಾನೂನುಬದ್ಧ ಅಳತೆಯಾಗಿಸಿತು. ಆ ಪದ್ಧತಿಯ ‘ಪ್ರೂಫ್’ ಎಂದರೆ ಶೇ 57.1; ಅದರ ಮುಕ್ಕಾಲು ಪಾಲೇ 42.8. ಬ್ರಿಟಿಷರು ಹೋದರೂ ಅವರ ಗೆರೆ ನಮ್ಮ ಲೇಬಲ್ಲಿನಲ್ಲಿ ಉಳಿದುಕೊಂಡಿದೆ. ಈ ಯಂತ್ರವನ್ನು ಬಿಸಿಲು ಸುಲಭವಾಗಿ ಮೋಸಗೊಳಿಸುತ್ತದೆ. ಬಿಸಿಯಾದ ಮದ್ಯ ಹಿಗ್ಗಿ ಹಗುರಾಗುತ್ತದೆ; 20 ಡಿಗ್ರಿಗೆ ಹೊಂದಿಸಿದ ಬುರುಡೆ ರಾಯಚೂರು ಸೀಮೆಯ 40 ಡಿಗ್ರಿಯಲ್ಲಿ ಶೇ 40ರ ಮದ್ಯವನ್ನು ಶೇ 47–48 ಎಂದು ತೋರಿಸೀತು. ಹಾಗಾಗಿ ತಾಪಮಾನದ ಕೋಷ್ಟಕ ನೋಡಿ ತಿದ್ದಬೇಕು. ಬಿಯರಿನಲ್ಲಿ ಸಕ್ಕರೆಯ ಅಂಶ ಭಾರ ಕೂಡಿಸುವುದರಿಂದ ಮೊದಲು ಬಟ್ಟಿ ಇಳಿಸಿ ಅಳೆಯುತ್ತಾರೆ.

ಇಷ್ಟು ಎಚ್ಚರ ವಹಿಸಿದರೂ ಬುರುಡೆ ಅಳೆಯುವುದು ಸಾಂದ್ರತೆಯನ್ನು, ವಿಷವನ್ನಲ್ಲ. 20 ಡಿಗ್ರಿಯಲ್ಲಿ ಎಥನಾಲಿನ ಸಾಂದ್ರತೆ 0.789, ಕಣ್ಣು ಕಳೆದು ಕೊಲ್ಲುವ ಮೆಥನಾಲಿನದು 0.791, ಎರಡನ್ನೂ ಅದು ಹೆಚ್ಚುಕಡಿಮೆ ಒಂದೇ ಎನ್ನುತ್ತದೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಮರುವರ್ಷದ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡುಗಳಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ರಾಯಚೂರು ಜಿಲ್ಲೆಗೆ ಹೆಚ್ಚು ಪರಿಚಿತವಾದದ್ದು ಇನ್ನೊಂದು ಪಿಡುಗು, ಸಿ.ಎಚ್. ಪೌಡರಿನ ಸೇಂದಿ. ಹುಳಿತ ಸೇಂದಿಯ ಆಲ್ಕೊಹಾಲ್ ಸಾಮಾನ್ಯವಾಗಿ ಬಿಯರಿನ ಮಟ್ಟದಲ್ಲೇ ಇರುತ್ತದೆ. ಕಲಬೆರಕೆಯಲ್ಲಿ ಅಮಲು ಬರುವುದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ರಾಜನಕದಿಂದ. ಹಾಗಾದರೆ ಶೇಕಡಾವಾರು ಅಂಕಿಯೇ ಬೇಡವೇ? ಪರೀಕ್ಷೆಗೊಳಗಾಗುವ ಕಾರ್ಖಾನೆ ಮದ್ಯಕ್ಕೆ ಅದು ಬೇಕು, ಜೊತೆಗೆ ಬಾಟಲಿಗೆ ಇಷ್ಟು ಗ್ರಾಂ ಎಂದೂ ಬರೆದರೆ ಇನ್ನೂ ಒಳ್ಳೆಯದು. ಕಲಬೆರಕೆ ಸೇಂದಿಯನ್ನು ಮಾತ್ರ ಬಿಯರಿನ ಪಕ್ಕದಲ್ಲಿಟ್ಟು ಹೋಲಿಸುವುದೇ ತಪ್ಪು. ಅದರ ಪತ್ತೆ ಪ್ರಯೋಗಾಲಯದ ರಾಸಾಯನಿಕ ಪರೀಕ್ಷೆಯ ಕೆಲಸ.