ಕಪಾಟಿನ ಡಿವಿಡಿಯಲ್ಲಿ ಉಮ್ಮನ ದನಿ ಉಂಟು

ನಮ್ಮ ಹೆಚ್ಚಿನ ಬ್ಯಾರಿ ಮನೆಗಳ ಕಪಾಟು ತೆರೆದರೆ ಹಳೆಯ ಪಾಸ್‌ಪೋರ್ಟ್, ಫೋಟೋ ಆಲ್ಬಂಗಳ ನಡುವೆ ಎರಡು ಮೂರು ಡಿವಿಡಿ ಸಿಗುತ್ತದೆ. ಒಂದು ನಿಖಾಹ್‌ನದ್ದು, ಒಂದು ಮದ್ರಸದ ಮೀಲಾದ್ ಕಾರ್ಯಕ್ರಮದ್ದು, ಇನ್ನೊಂದು ಊರಿನ ಮಸೀದಿಯಲ್ಲಿ ನಡೆದ ಮತಪ್ರವಚನದ್ದು. ಡಿಸ್ಕ್ ಉಂಟು, ಆದರೆ ಪ್ಲೇಯರ್ ಎಂದೋ ಗುಜರಿಗೆ ಹೋಗಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಆ ಡಿಸ್ಕ್‌ಗಳಲ್ಲಿ ಇಂದು ನಮ್ಮೊಂದಿಗೆ ಇಲ್ಲದ ಹಿರಿಯರು ನಡೆದಾಡುತ್ತಿದ್ದಾರೆ. ಮಗಳನ್ನು ಒಪ್ಪಿಸುವಾಗ ಬಾಪನ ನಡುಗಿದ ದನಿ, ಮೈಲಾಂಜಿ ರಾತ್ರಿ ಉಮ್ಮಂದಿರು ಹಾಡಿದ ಒಪ್ಪನೆ ಪಾಟ್ ಎಲ್ಲ ಅದರಲ್ಲಿದೆ. ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದೇ ಈ ಶತಮಾನದಲ್ಲಿ. ಬಾಯಿಂದ ಬಾಯಿಗೆ ಬಂದ ಎಷ್ಟೋ ಹಾಡುಗಳು ಪುಸ್ತಕಕ್ಕೆ ಇಳಿದಿಲ್ಲ. ಕೆಲವು ಹಾಡುಗಳಿಗೆ ಮದುವೆಯ ಡಿವಿಡಿ ಒಂದೇ ದಾಖಲೆ ಆಗಿರಲೂಬಹುದು.

ಡಿಸ್ಕ್‌ಗೂ ಆಯುಷ್ಯ ಉಂಟು

ಸ್ಟುಡಿಯೋದವರು ಬರ್ನ್ ಮಾಡಿ ಕೊಟ್ಟ ಡಿಸ್ಕ್‌ನಲ್ಲಿ ದೃಶ್ಯ ಉಳಿಯುವುದು ಒಂದು ತೆಳ್ಳಗಿನ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗದು. ನಮ್ಮ ಕರಾವಳಿಯಲ್ಲಿ ಈ ಮೂರಕ್ಕೂ ಬರ ಇಲ್ಲವಲ್ಲ! ಆದ್ದರಿಂದ ಮೊದಲ ಕೆಲಸ, ಇಡೀ ಡಿಸ್ಕನ್ನು ಕಂಪ್ಯೂಟರಿಗೆ ಕಾಪಿ ಮಾಡುವುದು. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದಿದ್ದರೆ ಸಾಕು. ಜಮಾಅತ್‌ನಲ್ಲಿ ಒಬ್ಬರು ತಂದರೆ ಹತ್ತು ಮನೆಗೆ ಆಗುತ್ತದೆ. ಡಿಸ್ಕ್ ಕೊಳೆಯಾಗಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಉಜ್ಜಬೇಡಿ.

ಒಳಗೆ 'ವಿಡಿಯೋ ಟಿಎಸ್' ಎಂಬ ಫೋಲ್ಡರ್ ಇರುತ್ತದೆ. ಇಡೀ ಫೋಲ್ಡರನ್ನೇ ಕಾಪಿ ಮಾಡಿ. ಅದರಲ್ಲಿ ವಿಡಿಯೋವನ್ನು 1 ಜಿಬಿ ಮೀರದ ಫೈಲ್‌ಗಳಾಗಿ ತುಂಡು ಮಾಡಿ ಇಟ್ಟಿರುತ್ತಾರೆ. ಒಂದೇ ಫೈಲ್ ತೆಗೆದುಕೊಂಡರೆ ಹಾಡು ಅರ್ಧಕ್ಕೇ ನಿಲ್ಲಬಹುದು.

ಬೇಕಾದಷ್ಟನ್ನೇ ತೆಗೆಯುವುದು

ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ. ಎರಡು ಗಂಟೆಯ ಮದುವೆ ಅದರಲ್ಲಿ ತುಂಬಿದ್ದರೆ ನಿಮಿಷಕ್ಕೆ ಸುಮಾರು 40 ಎಂಬಿ ಆಯಿತು. ದಮಾಮ್‌ನಲ್ಲೋ ದುಬೈಯಲ್ಲೋ ಇರುವ ಮಗ ಮೊಬೈಲ್‌ನಲ್ಲಿ ನೋಡಲು ಇದು ಭಾರ. ಡಿವಿಡಿಯಲ್ಲಿರುವುದು 'ಎಂಪೆಗ್-2' ಎಂಬ ಹಳೆಯ ಕ್ರಮ. 'ಎಚ್.264' ಎಂಬ ನಂತರದ ಕ್ರಮಕ್ಕೆ ಬದಲಿಸಿದರೆ ಹೆಚ್ಚುಕಡಿಮೆ ಅದೇ ಚಿತ್ರ ಬಹಳ ಕಡಿಮೆ ಜಾಗದಲ್ಲಿ ಕೂರುತ್ತದೆ.

ಇದಕ್ಕೆ 'ಹ್ಯಾಂಡ್‌ಬ್ರೇಕ್' ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಪಿಯುಸಿ ಓದುವ ಮಕ್ಕಳಿಗೆ ಕಷ್ಟ ಏನಿಲ್ಲ. ಕಾಪಿ ಮಾಡಿದ ಫೋಲ್ಡರ್ ತೆರೆದು, 'ರೇಂಜ್' ಎಂಬಲ್ಲಿ 'ಸೆಕೆಂಡ್ಸ್' ಆರಿಸಿ, ತುಣುಕಿನ ಶುರು ಮತ್ತು ಕೊನೆಯ ಸಮಯ ಕೊಡಿ. ಫೈಲ್ 'ಎಂಪಿ4' ಇರಲಿ. ಗುಣಮಟ್ಟದ 'ಆರ್‌ಎಫ್' ಸಂಖ್ಯೆ 20ರಿಂದ 22ರೊಳಗೆ ಇರಲಿ. ಸಂಖ್ಯೆ ಏರಿದಷ್ಟೂ ಫೈಲ್ ಚಿಕ್ಕದಾಗುತ್ತದೆ, ಚಿತ್ರವೂ ಮಸುಕಾಗುತ್ತದೆ. ಆನ್‌ಲೈನ್‌ಗೆ ಹಾಕುವುದಾದರೆ 'ವೆಬ್ ಆಪ್ಟಿಮೈಸ್ಡ್' ಗುರುತು ಹಾಕಿ. ಆಗ ಪೂರ್ತಿ ಡೌನ್‌ಲೋಡ್ ಆಗುವ ಮೊದಲೇ ವಿಡಿಯೋ ಓಡತೊಡಗುತ್ತದೆ.

ದಫ್ ಬಾರಿಸುವ ಮಕ್ಕಳ ಕೈ ಆಡುವಾಗ ಬಾಚಣಿಗೆಯ ಹಲ್ಲಿನಂತೆ ಗೆರೆ ಕಂಡರೆ 'ಡಿಇಂಟರ್‌ಲೇಸ್' ಆರಿಸಿ, ಸರಿಹೋಗುತ್ತದೆ. ನಮ್ಮ ಕಡೆಯ ಡಿವಿಡಿಯ ಚಿತ್ರದ ಅಳತೆ 720 ಮತ್ತು 576 ಚುಕ್ಕೆ ಅಷ್ಟೇ. ಅದನ್ನು ಹಿಗ್ಗಿಸಿ 'ಎಚ್‌ಡಿ' ಮಾಡಿದರೆ ಫೈಲ್ ಉಬ್ಬುತ್ತದೆ, ಮುಖ ಸ್ಪಷ್ಟ ಆಗುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಎಂದು ಕಳುಹಿಸಿದರೆ ಅದು ಇನ್ನೊಮ್ಮೆ ಹಿಂಡುತ್ತದೆ. 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಇದ್ದ ಹಾಗೆಯೇ ತಲುಪುತ್ತದೆ. ಮತ್ತೊಂದು ಮಾತು: ಹಿಂಡಿದ ತುಣುಕು ಕಳುಹಿಸುವುದಕ್ಕೆ ಮಾತ್ರ. ಪೂರ್ತಿ ಕಾಪಿಯನ್ನು ಅಳಿಸಬೇಡಿ, ಎರಡು ಕಡೆ ಇಟ್ಟುಕೊಳ್ಳಿ.

ಇದು ಅಮಾನತ್

ಇಷ್ಟು ಕೈಕೆಲಸ. ನಾವು ಮದ್ರಸದವರು ಹೇಳಲೇಬೇಕಾದದ್ದು ಮುಂದಿನದ್ದು. ಅಂದು ಹೆಂಗಸರ ಕೋಣೆಯಲ್ಲಿ ಕ್ಯಾಮರಾ ಓಡುವಾಗ ಅಲ್ಲಿದ್ದವರು ಒಪ್ಪಿದ್ದು ಏನಕ್ಕೆ? ಮದುಮಗಳ ಮನೆಯವರು ಕೂತು ನೋಡುವುದಕ್ಕೆ. ಹದಿನೈದು ವರ್ಷದ ಬಳಿಕ ಊರಿಡೀ ಫಾರ್ವರ್ಡ್ ಆಗುವುದಕ್ಕಲ್ಲ. ಅಂದು ಅಲಂಕರಿಸಿ ಕೂತ ಹುಡುಗಿಗೆ ಇಂದು ದೊಡ್ಡ ಮಕ್ಕಳಿದ್ದಾರೆ. ಸ್ಟೇಟಸ್‌ಗೆ ಹಾಕುವವರು ಇದನ್ನು ಒಮ್ಮೆ ಯೋಚಿಸಬೇಡವೇ?

ಸೂರಃ ಅನ್ನೂರ್ ಅನ್ಯರ ಮನೆ ಹೊಗ್ಗುವ ಮುನ್ನ ಅನುಮತಿ ಕೇಳುವ ಅದಬ್ ಕಲಿಸಿದೆ. ಮನೆಯ ಒಳಕೋಣೆಯನ್ನು ಮೊಬೈಲ್ ಮೂಲಕ ಸಾವಿರ ಜನರಿಗೆ ತೆರೆದು ಕೊಡುವಾಗ ಆ ಅದಬ್ ಇನ್ನೂ ಹೆಚ್ಚು ಬೇಕು. ಯೂಟ್ಯೂಬ್‌ನಲ್ಲಿ 'ಅನ್‌ಲಿಸ್ಟೆಡ್' ಎಂದು ಹಾಕಿದರೆ ಗುಟ್ಟಾಯಿತು ಎಂದು ತಿಳಿಯಬೇಡಿ. ಲಿಂಕ್ ಸಿಕ್ಕಿದ ಯಾರೂ ನೋಡಬಹುದು.

ಹಾಗಾದರೆ ಉಮ್ಮಂದಿರ ಹಾಡು ಕಪಾಟಿನಲ್ಲೇ ಸಾಯಬೇಕೇ? ಬೇಡ. 'ವಿಎಲ್‌ಸಿ' ಪ್ಲೇಯರ್‌ನಲ್ಲಿ 'ಕನ್ವರ್ಟ್' ಆರಿಸಿದರೆ ಚಿತ್ರ ಬಿಟ್ಟು ದನಿಯನ್ನು ಮಾತ್ರ 'ಎಂಪಿ3' ಆಗಿ ತೆಗೆಯಬಹುದು. ಹಾಡು ಉಳಿಯಿತು, ಮುಖದ ಪರ್ದಾವೂ ಉಳಿಯಿತು. ಅದನ್ನು ಹಂಚುವುದಕ್ಕೂ ಹಾಡಿದವರನ್ನು ಕೇಳಬೇಕು. ಅವರು ತೀರಿಹೋಗಿದ್ದರೆ ಮಕ್ಕಳನ್ನು ಕೇಳಬೇಕು. ಬೇಡ ಎಂದರೆ ಅಲ್ಲಿಗೆ ನಿಲ್ಲಿಸಬೇಕು, ಮನೆಯೊಳಗೆ ಜೋಪಾನ ಮಾಡಿ ಇಡಬೇಕು. ಇನ್ನು, ಅಂಗಡಿಯಿಂದ ಕೊಂಡ ಸಿನೆಮಾ, ಹಾಡಿನ ಡಿವಿಡಿಗಳ ಹಕ್ಕು ತಯಾರಿಸಿದವರದ್ದು. ಅದರ ತುಣುಕು ತೆಗೆದು ನಮ್ಮದೆಂದು ಹಾಕುವ ಹಾಗಿಲ್ಲ.

ಮುಂದಿನ ಮದ್ರಸ ರಜೆಯಲ್ಲಿ ಮಕ್ಕಳನ್ನು ಕೂರಿಸಿ ಈ ಕೆಲಸ ಮಾಡಿಸಿ. ಪಕ್ಕದಲ್ಲಿ ಅಜ್ಜಿಯೂ ಕೂರಲಿ. ಯಾರ ಮುಖ ಯಾರದ್ದು, ಹಾಡಿದ್ದು ಯಾರು ಎಂದು ಅವರು ಹೇಳಿದ್ದನ್ನು ಮಕ್ಕಳು ಬರೆದಿಡಲಿ. ಡಿಸ್ಕ್‌ನಲ್ಲಿ ಆ ಹೆಸರುಗಳಿಲ್ಲ, ಅಜ್ಜಿಯ ನೆನಪಿನಲ್ಲಿ ಮಾತ್ರ ಉಂಟು. ಅಗಲಿದ ಹಿರಿಯರಿಗೆ ಅಲ್ಲಾಹು ಮಗ್ಫಿರತ್ ನೀಡಲಿ, ಅವರ ಅಮಾನತನ್ನು ಕಾಯುವ ತೌಫೀಕ್ ನಮಗೆ ನೀಡಲಿ, ಆಮೀನ್.